ಯಜಮಾನರು ಉಂಡ ಮೇಲೆ

ನಮ್ಮ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆಯೇ ಹೆಂಗಸರ ಊಟ. ಅದಕ್ಕೆ ಮರ್ಯಾದೆ ಎಂದು ಹೆಸರು. ಆ ಮರ್ಯಾದೆಯೇ ನನ್ನ ಅಮ್ಮನನ್ನು ಕೊಂದಿತು ಎಂದು ಈಗಲೂ ಹೇಳುತ್ತೇನೆ. ನೆಂಟರಿಗೆ ಸಿಟ್ಟು ಬಂದರೆ ಬರಲಿ.

ಐವತ್ತರ ದಶಕದ ಕೊನೆಯ ಮಾತು. ಯಲಹಂಕದ ಪೇಟೆಬೀದಿಯಲ್ಲಿ ಅಪ್ಪನ ದಿನಸಿ ಅಂಗಡಿ ಇತ್ತು. ದಪ್ಪಗಿದ್ದ ಅಮ್ಮ ಇದ್ದಕ್ಕಿದ್ದಂತೆ ಇಳಿದುಹೋದಳು, ಎಷ್ಟು ನೀರು ಕುಡಿದರೂ ಬಾಯಾರಿಕೆ. ಸಕ್ಕರೆ ಕಾಯಿಲೆ ಎಂದ ಡಾಕ್ಟರು ದಿನಾ ಬೆಳಿಗ್ಗೆ ಇಂಜೆಕ್ಷನ್ ಬರೆದುಕೊಟ್ಟರು.

"ಸೂಜಿ ಚುಚ್ಚಿಸ್ಕೊಂಡ್ ಅರ್ಧ ಗಂಟೇಲಿ ಊಟ ಮಾಡ್ಲೇಬೇಕು ಕಣಮ್ಮ. ತಡ ಮಾಡಿದ್ರೆ ಔಷಧಾನೇ ವಿಷ ಆಗುತ್ತೆ" ಎಂದರು. ಅಜ್ಜಿಯೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು.

ಅಜ್ಜಿಯ ತಲೆಯಲ್ಲಿ ಉಳಿದದ್ದು ಸಿಹಿ ಕೂಡದು ಎಂಬುದೊಂದೇ. ಬೆಲ್ಲದ ಡಬ್ಬ ಅವಳ ಕೋಣೆ ಸೇರಿತು. ಊಟದ ಹೊತ್ತಿನ ಮಾತೆತ್ತಿದರೆ, "ಯಜಮಾನ ಉಣ್ಣಾಕ್ ಮುಂಚೆ ಸೊಸೆ ತಟ್ಟೆ ಮುಂದೆ ಕುಂತ್ರೆ ಮನೆ ಉದ್ಧಾರ ಆಗ್ತದಾ?" ಎನ್ನುತ್ತಿದ್ದಳು. ಯಜಮಾನರು ಬರುವುದು ಅಂಗಡಿಯ ಹಿಂದೆ ಇಸ್ಪೀಟಿನ ಆಟ ಮುಗಿದ ಮೇಲೆ. ಡಾಕ್ಟರ ಕಂಪೌಂಡರು ಬೆಳಿಗ್ಗೆ ಮನೆಗೇ ಬಂದು ಸೂಜಿ ಚುಚ್ಚಿ ಹೋಗುತ್ತಿದ್ದರು. ಅಮ್ಮ ಮುದ್ದೆ ಮುಚ್ಚಿಟ್ಟು ಬಾಗಿಲು ನೋಡುತ್ತಿದ್ದಳು. ನಾನು ಕರೆಯಲು ಹೋದರೆ ಅಪ್ಪ, "ಬತ್ತೀನಿ ಓಗು, ಪ್ರಾಣ ತಿನ್ಬೇಡ" ಎಂದು ಗದರುತ್ತಿದ್ದರು. ಅಮ್ಮನಾದರೂ ಎದುರು ಹೇಳಬೇಕಿತ್ತು. ಹೇಳಲಿಲ್ಲವೆಂದು ಅವಳ ಮೇಲೂ ನನಗೆ ಸಿಟ್ಟಿದೆ.

ಒಂದು ದಿನ ಕಾಯುತ್ತಲೇ ಅವಳ ಕೈ ನಡುಗತೊಡಗಿತು. ರವಿಕೆ ಬೆವರಿನಲ್ಲಿ ತೊಯ್ದುಹೋಯಿತು. ಏನು ತೋಚಿತೋ, ಅಜ್ಜಿಯ ಕೋಣೆಗೆ ಹೋಗಿ ಡಬ್ಬದಿಂದ ಬೆಲ್ಲ ತೆಗೆದಳು. ಬಾಯಿಗೆ ಹಾಕಿಕೊಳ್ಳುವ ಮೊದಲೇ ಅಜ್ಜಿ ಕಿತ್ತುಕೊಂಡಳು.

"ಸಕ್ಕರೆ ಕಾಯಿಲೆ ಮಡೀಕೊಂಡು ಬೆಲ್ಲ ತಿಂತೀಯಾ? ಸಾಯಾಕಾ?"

ಅಮ್ಮ ಅಲ್ಲೇ ಕುಸಿದಳು. ಮತ್ತೆ ಎಚ್ಚರವಾಗಲಿಲ್ಲ, ಆಸ್ಪತ್ರೆಯಲ್ಲೇ ತೀರಿಕೊಂಡಳು. ಸೂಜಿಯ ಮೇಲೆ ಊಟವಿಲ್ಲದೆ ಮೈಯ ಸಕ್ಕರೆ ತೀರಾ ಇಳಿದಿತ್ತು, ಆ ಬೆಲ್ಲ ತಿಂದಿದ್ದರೆ ಉಳಿಯುತ್ತಿದ್ದಳು ಎಂದರು ಡಾಕ್ಟರು. ಬಂದವರೆಲ್ಲ ಮುತ್ತೈದೆ ಸಾವು, ಪುಣ್ಯವಂತೆ ಎಂದು ಹಣೆಗೆ ಕುಂಕುಮ ಇಟ್ಟರು. ನನಗೆ ಮೈಯೆಲ್ಲ ಉರಿಯಿತು.

ಕೆಲವು ವರ್ಷಗಳ ನಂತರ ಅಪ್ಪನಿಗೂ ಅದೇ ಕಾಯಿಲೆ ಬಂತು, ಅದೇ ಸೂಜಿ. ಇಸ್ಪೀಟು ತಾನಾಗಿಯೇ ನಿಂತಿತು. ಕಂಪೌಂಡರು ಹೊಸಿಲು ದಾಟುವ ಮೊದಲೇ ಅಜ್ಜಿ ಮಗನಿಗೆ ತಟ್ಟೆ ಹಾಕುತ್ತಿದ್ದಳು. ಸಾರು ಕುದಿಯುವುದು ತುಸು ತಡವಾದರೂ ಹೆಂಚು ಹಾರಿಹೋಗುವಂತೆ ನನ್ನ ಮೇಲೆ ಕೂಗುತ್ತಿದ್ದಳು. ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟೆ: "ಅಮ್ಮಂಗೂ ಇಂಗೇ ಇಕ್ಕಿದ್ರೆ ಬದುಕ್ತಿರ್ಲಿಲ್ವಾ ಅಜ್ಜಿ?"

"ಬುಡ್ತು ಅನ್ನೇ! ಅವನು ಗಂಡ್ಸು, ಅಸ್ಕೊಂಡಿರಾಕ್ ಆಗ್ತದಾ?"

ಅಪ್ಪ ಇನ್ನಷ್ಟು ಸಾರಿಗೆಂದು ತಟ್ಟೆಯನ್ನು ನನ್ನ ಕಡೆ ಸರಿಸಿದರು.