ಎತ್ತೆಂದು ಬೇಡಿದೆ, ಎತ್ತಬೇಡವೆಂದ ಮಲ್ಲಯ್ಯ

ಹೋದ ವರ್ಷ ಶಿವರಾತ್ರಿ ಮುಗಿದ ಎಂಟನೆಯ ದಿನ, ಸೋಮವಾರ ಮುಂಜಾನೆ ಹತ್ತರ ಸುಮಾರಿಗೆ ನಮ್ಮ ಯಜಮಾನರು ಬಣವಿಯ ಮೇಲಿಂದ ಬಿದ್ದರು. ನಮ್ಮದು ಸಂತೆಕಲ್ಲೂರು. ಮನೆಯ ಪಕ್ಕದಲ್ಲೇ ಜೋಳದ ಸೊಪ್ಪೆಯನ್ನು ಎರಡಾಳೆತ್ತರ ಒಟ್ಟಿದ್ದೆವು. ತುದಿ ಸರಿಮಾಡಲು ಹತ್ತಿದವರು ಜಾರಿ, ಕೆಳಗಿದ್ದ ಬಂಡಿಯ ಮೂಕಿಗೆ ನಡು ಬಡಿದು ನೆಲಕ್ಕುರುಳಿದರು. ರೊಟ್ಟಿ ಬಡಿಯುತ್ತಿದ್ದ ನನಗೆ ಒಲೆಯ ಮುಂದೆಯೇ ಆ ಸದ್ದು ಕೇಳಿಸಿತು.

ಹಿಟ್ಟುಗೈಯಲ್ಲೇ ಓಡಿದೆ. ಕಣ್ಣು ಬಿಟ್ಟಿದ್ದರು. ಮೈ ಅಲುಗುತ್ತಿರಲಿಲ್ಲ. "ನನ್ನ ಕಾಲು ಎಲ್ಲಿ ಅದಾವು ತಿಳೀವಲ್ದು" ಎಂದರು.

ಮಲ್ಲಯ್ಯನ ಗುಡಿಯಿರುವ ಮಸ್ಕಿ ಬೆಟ್ಟದ ದಿಕ್ಕಿಗೆ ಕೈಯೆತ್ತಿದೆ. "ಅಪ್ಪಾ ಮಲ್ಲಯ್ಯಾ, ಇವರನ್ನ ಈಗಿಂದೀಗ ಎತ್ತಿ ಎಬ್ಬಸು!" ಎಂದು ಚೀರಿ, ಒಳಗಿಂದ ತೀರ್ಥದ ಗಿಂಡಿ ತಂದೆ. ಅಷ್ಟರಲ್ಲಿ ಓಣಿಯ ಮಂದಿ ನೆರೆದಿತ್ತು. ಬಿದ್ದವರನ್ನು ಬಿದ್ದ ಜಾಗದಲ್ಲಿ ಬಿಡಬಾರದು ಎನ್ನುವುದು ನಮ್ಮಲ್ಲಿ ಹಿರಿಯರಿಂದ ಬಂದ ರೂಢಿ.

"ನೆಲಕ್ಕ ಬಿಟ್ರ ಭೂಮಿ ಎಳಕೊಂತತಿ. ಎಬ್ಬಿಸಿ ಕೂಡಸ್ರಿ, ನೀರು ಕುಡಸ್ರಿ!" ಎಂದು ನಮ್ಮ ಓಣಿಯ ಹಿರಿಯ ಶಂಕ್ರಪ್ಪ ಕಾಕಾ ಕೂಗಿದರು. ಯಾರೋ ರಸ್ತೆಯಲ್ಲಿ ಮಸ್ಕಿಗೆ ಹೊರಟಿದ್ದ ಟಂಟಂ ಆಟೋ ನಿಲ್ಲಿಸಿದರು. ಇಬ್ಬರು ಹೆಗಲು ಹಿಡಿದರು, ಇಬ್ಬರು ಕಾಲು ಹಿಡಿದರು.

"ಏಯ್! ಕೈ ತಗೀರಿ ಮೊದ್ಲ!"

ಟಂಟಂನಿಂದ ಇಳಿದು ಬಂದವರು ಗಿಡ್ಡನೆಯ, ಬಿಳಿಗಡ್ಡದ ಮನುಷ್ಯ. ಹೆಸರು ಮೌಲಾಸಾಬ. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು, ಮಗಳ ಮನೆಗೆಂದು ಮಸ್ಕಿಗೆ ಹೊರಟಿದ್ದರು.

ಕಾಕಾ ರೇಗಿದರು. "ಮನಷ್ಯಾ ಸಾಯಾಕತ್ತಾನ, ಕೈ ತಗೀರಿ ಅಂತೀಯಲ್ಲೋ! ನೀ ಏನು ಡಾಕ್ಟರನು?"

"ಡಾಕ್ಟರ್ ಅಲ್ರೀ ಕಾಕಾ. ಭೂಮಿ ಒಳಗ ಮೂವತ್ತು ವರ್ಷ ದುಡ್ದೀನಿ. ಬಿದ್ದೋರನ್ನ ಹೆಂಗ ಮ್ಯಾಲೆ ತರಬೇಕಂತ ಕಲಿಸ್ಯಾರ. ಈತನ ನಡು ಮುರದಿದ್ರ, ನಾವು ಎತ್ತಿ ಮಡಚಿದ್ರ ಒಳಗಿನ ನರ ಹೋಗ್ತಾವು. ಆಮ್ಯಾಲೆ ಜಲ್ಮದಾಗ ನಡ್ಯಾಂಗಿಲ್ಲ."

ಹಿಡಿದ ಕೈಗಳು ತಾವಾಗಿಯೇ ಸಡಿಲಾದವು. ಮೌಲಾಸಾಬರು ತಲೆಯ ಬಳಿ ಮೊಣಕಾಲೂರಿ, ಎರಡೂ ಅಂಗೈಯಲ್ಲಿ ಯಜಮಾನರ ತಲೆಯನ್ನು ಅಲುಗದಂತೆ ಹಿಡಿದರು. "ತಲಿ ಹೊಳ್ಳಿಸಬ್ಯಾಡ ತಮ್ಮಾ. ಹೆಸರೇನು ನಿಂದು?"

"ಬಸಣ್ಣ ಅಂತ್ರೀ," ಎಂದರು ಕಾಕಾ.

"ನಿಮ್ಮನ್ನ ಕೇಳಿಲ್ರೀ. ಆತಗ ಮಾತು ಬರತಾವೋ ಇಲ್ಲೋ ನೋಡಾಕತ್ತೀನಿ."

ಆ ಹೊತ್ತಿನಲ್ಲೂ ನೆಲದ ಮೇಲಿದ್ದವರ ತುಟಿ ನಗಲು ನೋಡಿತು. ನನಗೆ ಅರ್ಧ ಜೀವ ಬಂತು.

ಟಂಟಂ ಡ್ರೈವರ್ ೧೦೮ಕ್ಕೆ ಫೋನು ಮಾಡಿದ. ಯಜಮಾನರ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ತೊಳೆದ ಟವೆಲ್ ಮಡಚಿ ಒತ್ತಿ ಹಿಡಿಯಲು, ಎತ್ತೆತ್ತಿ ನೋಡದಿರಲು ಮೌಲಾಸಾಬರು ಹೇಳಿದರು. ನಾನು ಗಿಂಡಿ ಬಾಯಿಗೆ ಹಿಡಿಯಲು ಹೋದೆ.

"ಅಕ್ಕಾ, ದೇವರ ನೀರು ಹಣಿಗೆ ಹಚ್ರಿ. ಬಾಯಿಗೆ ಒಂದು ಹನಿನೂ ಬ್ಯಾಡ. ಮಕ್ಕೊಂಡಾಂವಗ ಉಸಿರಿನ ದಾರ್ಯಾಗ ಹೋಗತೈತಿ."

ಹಣೆಗೆ ಹಚ್ಚಿದೆ. ಬಿಸಿಲೇರುತ್ತಿತ್ತು. "ಕಾಕಾ, ನೀವು ಜರಾ ನೆಳ್ಳ ಹಿಡೀರಿ, ಅದೂ ದೊಡ್ಡ ಕೆಲಸ," ಎಂದಾಗ, ಬೈದ ಅದೇ ಕಾಕಾ ಕಂಬಳಿ ಹಿಡಿದು ನಿಂತವರು ಆಂಬುಲೆನ್ಸ್ ಬರುವವರೆಗೂ ಕೈ ಇಳಿಸಲಿಲ್ಲ. ಮೌಲಾಸಾಬರೂ ಅಷ್ಟೇ. ಕಟ್ಟಿರುವೆ ಅವರ ಕುತ್ತಿಗೆಗೇರಿ ಕಚ್ಚುತ್ತಿದ್ದರೂ ಹಿಡಿದ ತಲೆ ಬಿಡಲಿಲ್ಲ. ನಾನೇ ಸೆರಗಿನಿಂದ ಕೊಡವಿದೆ. ಎಂಥ ಕೈಗಳವು! ಆ ಕೈಗಳನ್ನು ನೋಡುತ್ತಿದ್ದಾಗ ನನಗೆ ತಿಳಿಯಿತು: ನಾನು ಎತ್ತು ಎಂದು ಬೇಡಿದ್ದೆ, ಎತ್ತಬೇಡಿ ಎನ್ನುವವರನ್ನು ಮಲ್ಲಯ್ಯ ಕಳಿಸಿದ್ದ. ನಾನು ಕೇಳಿದ್ದನ್ನೇ ಕೊಟ್ಟಿದ್ದರೆ ನನ್ನ ಸಂಸಾರ ಅಲ್ಲೇ ಮುಗಿಯುತ್ತಿತ್ತು.

ಆಂಬುಲೆನ್ಸಿನವರು ಹಲಗೆ ತಂದರು. ತಲೆ ಹಿಡಿದವರೇ ಎಣಿಸಬೇಕಂತೆ. "ನಾ ಮೂರು ಅಂದಾಗ ಎಲ್ಲಾರೂ ಕೂಡೇ ಹೊಳ್ಳಸ್ರಿ. ತಲಿ, ಹೆಗಲು, ಟೊಂಕ, ಕಾಲು ಎಲ್ಲಾ ಒಂದ ಸಲ, ದಿಮ್ಮಿ ಉಳ್ಳಿಸಿದಂಗ," ಎಂದರು ಮೌಲಾಸಾಬರು. ಮೆಲ್ಲಗೆ ಹೊರಳಿಸಿ, ಹಲಗೆ ಸರಿಸಿ, ಬಿಗಿದು ಸಿಂಧನೂರಿಗೆ ಒಯ್ದರು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಫೋಟೋ ತೆಗೆದು ನೋಡಿದ ಡಾಕ್ಟರು ಹೊರಗೆ ಬಂದು, "ನಡದ ಎಲುವು ಒಡದೈತಿ. ಆದ್ರ ನರ ಹರದಿಲ್ಲ. ಇವರನ್ನ ಇಷ್ಟು ಹುಷಾರಾಗಿ ತಂದೋರು ಯಾರಮ್ಮಾ?" ಎಂದರು. ಮೌಲಾಸಾಬರ ಹೆಸರು ಹೇಳಿದೆ. ಮರುದಿನ ಸಂಜೆ ಬಲಗಾಲ ಹೆಬ್ಬೆರಳು ಅಲುಗಿತು. ಹಾಸಿಗೆಯ ತುದಿಯಲ್ಲಿ ಆ ಬೆರಳನ್ನು ಹಿಡಿದು ಅತ್ತುಬಿಟ್ಟೆ.

ಮೌಲಾಸಾಬರಿಗೆ ಫೋನು ಮಾಡಿ, ಬೆರಳು ಅಲುಗಿತು, ನಿಮ್ಮನ್ನು ಮಲ್ಲಯ್ಯನೇ ಕಳಿಸಿದ ಎಂದಾಗ ನಕ್ಕರು. "ಕಳಿಸಿದಾಂವ ಮಾಲಿಕ, ಯಕ್ಕಾ. ನಾ ಬರೇ ಟಂಟಂ ಇಳದೀನಿ."

ಯಜಮಾನರು ಮೂರು ತಿಂಗಳು ನಡುವಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಆಮೇಲೆ ಒಂದು ದಿನ ಡಾಕ್ಟರು, "ಈಗ ಏಳ್ರಿ" ಎಂದರು. ನಾನು ಕಂಕುಳಿಗೆ ಕೈ ಹಾಕಿದೆ. "ಬಿಡು, ನಾನ ಏಳ್ತೀನಿ," ಎಂದು ಮಂಚ ಹಿಡಿದು ಎದ್ದರು. ಬಾಗಿಲವರೆಗೆ ನಾಲ್ಕು ಹೆಜ್ಜೆ ನಡೆದರು.

ಬಂಧುಗಳೇ, ನಾನೀಗ ಮಲ್ಲಯ್ಯನ ಮುಂದೆ ನಿಂತು ಹೀಗೇ ಮಾಡು, ಹಾಗೇ ಮಾಡು ಎಂದು ಅವನಿಗೆ ಕಲಿಸಲು ಹೋಗುವುದಿಲ್ಲ. ಕಾಯಿ ಒಡೆದು, "ನಿನಗ ಗೊತ್ತೈತಿ, ಅಪ್ಪಾ" ಎಂದಷ್ಟೇ ಹೇಳಿ ಕೈಮುಗಿಯುತ್ತೇನೆ.