ತಂಬಿಗೆಯ ಮೇಲಿನ ಹೆಸರು

ಇಳಕಲ್ಲಿನಲ್ಲಿ ಸೀರೆ ನೇಯುವ ಹಜರತಬಿ, ಸತ್ತುಹೋದ ತಂದೆ ಬರ್ಮಾ ಯುದ್ಧದಿಂದ ತಂದಿದ್ದ ಹಿತ್ತಾಳೆ ತಂಬಿಗೆಯನ್ನು ಹೋದ ವರ್ಷ ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಕಿಲುಬಿನಡಿಯಿಂದ ಬೇರೊಬ್ಬರ ಹೆಸರು ಮೂಡಿತು: ಅಮಾತೆಪ್ಪ, ತುಳಸಿಗೇರಿ.

ಮರುದಿನವೇ ತುಳಸಿಗೇರಿಗೆ ಹೋದಳು. ಅಮಾತೆಪ್ಪ ಯುದ್ಧದಿಂದ ಮರಳಿರಲಿಲ್ಲ. ಅವನ ಮಗಳು ಗುರುಲಿಂಗವ್ವನಿಗೆ ಈಗ ಎಂಬತ್ತೈದು. ಅವಳು ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಹೆಸರಿನ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕುಳಿತಳು. ಇಬ್ಬರೂ ಕಾಣದ ಬರ್ಮಾದ ಕಾಡು ಮಂಜಿನಂತೆ ಪಡಸಾಲೆಯೊಳಗೆ ಬಂದು ನಿಂತ ಹಾಗಿತ್ತು.

“ನಮ್ಮಪ್ಪನ ಸುದ್ದಿ ಏನರ ಹೇಳ್ತಿದ್ದರೇನವಾ, ನಿಮ್ಮಪ್ಪ?”

“ಎಚ್ಚರಿದ್ದಾಗ ಏನೂ ಹೇಳಲಿಲ್ಲರಿ. ಜ್ವರ ಬಂದಾಗ ಮಾತ್ರ, ‘ಅಮಾತೆಪ್ಪಾ, ಇನ್ನೊಂದು ಗುಟುಕು ಕುಡಿಯೋ’ ಅಂತ ಕನವರಿಸ್ತಿದ್ದರು.”

ಗುರುಲಿಂಗವ್ವ ಕಣ್ಣು ಮುಚ್ಚಿದಳು.

“ಹಂಗಾರ ಸಾಯೋಮುಂದ ನಮ್ಮಪ್ಪ ಒಬ್ಬನ ಇರಲಿಲ್ಲ ಬಿಡವಾ,” ಎಂದಳು.