ತಿರುವಿನಲ್ಲಿ ಒತ್ತಿದ ಹಾರ್ನು

ಎರಡು ವರ್ಷದ ಹಿಂದೆ, ರಂಜಾನ್ ಹಬ್ಬ ಕಳೆದ ಮರುವಾರ ನಡೆದದ್ದು ಇದು. ನಾವಿರುವುದು ದುಬೈಯ ಅಲ್ ಕುಸೈಸ್‌ನಲ್ಲಿ. ಯಜಮಾನರಿಗೆ ಅಬುಧಾಬಿಯಾಚೆ ದೂರದ ಮದೀನತ್ ಜಾಯೆದ್‌ಗೆ ವರ್ಗವಾಗಿತ್ತು. ಕಂಪನಿ ಬಸ್ಸಿನಲ್ಲಿ ಹೋದರೆ ವಾರಕ್ಕೊಮ್ಮೆ ಬರುತ್ತಿದ್ದರು. ಏಳು ವರ್ಷದ ಮಗಳು ಸಫಾಳಿಗೆ ಉಬ್ಬಸ. ಒಮ್ಮೆ ಉಸಿರು ಕಟ್ಟಿ ಅವಳು ಒದ್ದಾಡುವಾಗ ಮಧ್ಯಾಹ್ನದ ಬಿಸಿಲಿನಲ್ಲಿ ಟ್ಯಾಕ್ಸಿಗಾಗಿ ಕಾದು ನಿಂತಿದ್ದೆ. ನಮ್ಮ ಕಾರು ಕಟ್ಟಡದ ಕೆಳಗೇ ಇತ್ತು, ಓಡಿಸುವವರಿರಲಿಲ್ಲ. ಕೊನೆಗೆ ವಾಚ್‌ಮನ್ ರಸ್ತೆಗಿಳಿದು ಯಾರದೋ ಕಾರು ನಿಲ್ಲಿಸಿಕೊಟ್ಟ. ಇಲ್ಲಿಯ ಲೈಸೆನ್ಸ್ ಮಾಡಿಸಲೇಬೇಕೆಂದು ಅಂದೇ ತೀರ್ಮಾನಿಸಿದೆ.

ನನ್ನಂತೆ ಊರಿನ ಲೈಸೆನ್ಸ್ ಇದ್ದವರು ಇಲ್ಲಿ ಡ್ರೈವಿಂಗ್ ಕ್ಲಾಸಿಗೆ ಸೇರದೆ ನೇರವಾಗಿ ಟೆಸ್ಟ್ ಕೊಡಬಹುದು. ಆದರೆ ಒಂದೇ ಸಲ. ಫೇಲಾದರೆ ಮೊದಲಿನಿಂದ ಕ್ಲಾಸು, ತಿಂಗಳುಗಟ್ಟಲೆ ಅಲೆದಾಟ. ಮಗಳನ್ನು ಬಿಟ್ಟು ನಾನು ಕ್ಲಾಸಿಗೆ ಹೋಗುವುದಾದರೂ ಹೇಗೆ? ಕಂಪ್ಯೂಟರಿನ ಪರೀಕ್ಷೆ ಹೇಗೋ ಪಾಸಾಯಿತು. ಉಳಿದದ್ದು ರಸ್ತೆಯ ಟೆಸ್ಟ್.

ಹಿಂದಿನ ಸಂಜೆ ಯಜಮಾನರು ಫೋನಿನಲ್ಲಿ, "ಹೆದರುವುದೆಂತ ಮಾರಾಯ್ತಿ? ಮಂಗಳೂರಿನ ಬಸ್ಸಿನವರ ಎದುರು ಓಡಿಸಿದವಳಲ್ವಾ ನೀನು?" ಎಂದರು.

"ಅದೇ ಹೆದರಿಕೆ ನನಗೆ. ಆ ಚಾಳಿ ಇಲ್ಲಿ ತೋರಿಸಿದರೆ ಖಲಾಸ್" ಎಂದೆ.

ಬೆಳಿಗ್ಗೆ ಸುಬ್‌ಹಿ ನಮಾಜ್ ಮಾಡಿ, ಪಾಸಾಗಲೆಂದು ದುಆ ಬೇಡಿ, ಮಗಳನ್ನು ಶಾಲೆಯ ಬಸ್ಸು ಹತ್ತಿಸಿ ಹೊರಟೆ. ಪರೀಕ್ಷಕಿ ಅಬಾಯ ತೊಟ್ಟ ಇಲ್ಲಿಯದೇ ಹೆಂಗಸು. ಹಿಂದಿ ಚೆನ್ನಾಗಿ ಬರುತ್ತಿತ್ತು, ನಗು ಮಾತ್ರ ಇಲ್ಲ. ಹಿಂದಿನ ಸೀಟಿನಲ್ಲಿ ತನ್ನ ಸರದಿ ಮುಗಿಸಿದ ಒಬ್ಬ ಮಲಯಾಳಿ ಹುಡುಗಿ ಕುಳಿತಿದ್ದಳು. ಬಿಸ್ಮಿ ಹೇಳಿ ಕಾರು ಹೊರಡಿಸಿದೆ. ಸ್ಟೇರಿಂಗ್ ಎಡಕ್ಕಿದ್ದರೂ ಕೈ ಬೇಗ ಹೊಂದಿಕೊಂಡಿತು. ಸಿಗ್ನಲ್, ಸರ್ಕಲ್ ಎಲ್ಲ ಸರಿಯಾಗಿ ದಾಟಿದೆ.

ಗೋದಾಮುಗಳ ಹತ್ತಿರ ಬಲಕ್ಕೆ ತಿರುಗಬೇಕಿತ್ತು. ಮೂಲೆಯಲ್ಲಿ ದೊಡ್ಡ ಲಾರಿ ನಿಂತಿದ್ದರಿಂದ ಆಚೆ ಏನೂ ಕಾಣುತ್ತಿರಲಿಲ್ಲ. ನಮ್ಮೂರ ರಸ್ತೆಗಳಲ್ಲಿ ಅಂಥ ತಿರುವಿಗೆ ಹಾರ್ನ್ ಹಾಕದಿದ್ದರೆ ಅದೇ ತಪ್ಪು. ನನಗೆ ತಿಳಿಯುವ ಮೊದಲೇ ಕೈ ಒತ್ತಿಬಿಟ್ಟಿತ್ತು. ಒಂದಲ್ಲ, ಎರಡು ಸಲ.

"ಯಾರಿಗೆ ಹಾರ್ನ್?" ಎಂದು ಪರೀಕ್ಷಕಿ ಕೇಳಿದರು.

ಕೈ ತಾಗಿತು ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ದುಆ ಬೇಡಿ ಬಂದ ಬಾಯಿಯಲ್ಲಿ ಅದು ಹೊರಡಲಿಲ್ಲ. "ಯಾರಿಗೂ ಅಲ್ಲ ಮೇಡಂ. ಆಚೆಯಿಂದ ಯಾರಾದರೂ ಬರುತ್ತಿದ್ದರೆ ಅಂತ. ಊರಿನ ಅಭ್ಯಾಸ."

"ಬರುತ್ತಿದ್ದರೆ?"

"ಅವರು ನಿಲ್ಲಲಿ ಅಂತ."

"ಅವರು ಯಾಕೆ ನಿಲ್ಲಬೇಕು? ನೀನು ನಿಲ್ಲು."

ಅಷ್ಟು ಹೇಳಿ ಏನೋ ಗುರುತು ಹಾಕಿಕೊಂಡರು. ಎಲ್ಲ ಮುಗಿಯಿತು ಅಂದುಕೊಂಡೆ. ಆದರೂ ಮುಂದಿನ ತಿರುವಿನಲ್ಲಿ ಕಾರನ್ನು ಪೂರ್ತಿ ನಿಧಾನ ಮಾಡಿ ಇಣುಕಿದೆ. ಊಟದ ಡೆಲಿವರಿಯ ಬೈಕೊಂದು ಬರುತ್ತಿತ್ತು. ನಿಂತು, ಅದು ದಾಟಿದ ಮೇಲೆ ತಿರುಗಿಸಿದೆ. ಪರೀಕ್ಷಕಿ ಅದನ್ನೂ ಗುರುತು ಹಾಕಿಕೊಂಡರು. ಸ್ವಲ್ಪ ದೂರ ಹೋದ ಮೇಲೆ "ಯಲ್ಲಾ, ಆಯಿತು, ಸೈಡಿಗೆ ಹಾಕು" ಎಂದರು.

ಕಾಯುವ ಕೋಣೆಯಲ್ಲಿ ಮಲಯಾಳಿ ಹುಡುಗಿ, "ಕೈ ತಾಗಿದ್ದು ಅಂತ ಹೇಳಬಾರದಿತ್ತಾ ಚೇಚಿ? ಸತ್ಯ ಹೇಳಲಿಕ್ಕೆ ಇದೇನು ಕೋರ್ಟಾ?" ಎಂದು ತಂಗಿಯ ಸಲುಗೆಯಲ್ಲಿ ಬೈದಳು. ಅಷ್ಟರಲ್ಲಿ ಫೋನಿಗೆ ಫಲಿತಾಂಶದ ಮೆಸೇಜ್ ಬಂತು. ತೆರೆಯಲು ಧೈರ್ಯವಾಗದೆ ಫೋನನ್ನು ಅವಳಿಗೇ ಕೊಟ್ಟೆ. ಅವಳು ನೋಡಿ, ಇನ್ನೊಮ್ಮೆ ನೋಡಿ, "ಪಾಸ್ ಚೇಚಿ" ಎಂದಳು. ಅಲ್‌ಹಮ್ದುಲಿಲ್ಲಾಹ್ ಎನ್ನುವಷ್ಟರಲ್ಲಿ ನನಗೆ ಅಳು ಬಂದಿತ್ತು.

ಹಾರ್ನ್ ಒತ್ತಿಯೂ ಪಾಸಾದೆ ಎಂದು ಫೋನ್ ಮಾಡಿದರೆ ಯಜಮಾನರು ನಂಬಲಿಲ್ಲ. "ಸುಳ್ಳು ಹೇಳಬೇಡ" ಎಂದರು. "ಹೇಳಲಿಕ್ಕೆ ಒಳ್ಳೆ ಅವಕಾಶ ಇತ್ತು, ಹೇಳಲಿಲ್ಲ" ಎಂದೆ.

ಆ ಪರೀಕ್ಷಕಿಯ ಹೆಸರು ನನಗೆ ಗೊತ್ತಿಲ್ಲ. ದುಆದಲ್ಲಿ ಅವರನ್ನು ನೆನೆಯುವುದು ಬಿಟ್ಟಿಲ್ಲ.

ತಿಂಗಳು ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಸಫಾಳಿಗೆ ಮತ್ತೆ ಉಬ್ಬಸ ಎದ್ದಿತು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನಾನೇ ಹೊರಟೆ. ದಾರಿಯಲ್ಲಿ ಎರಡು ಸಿಗ್ನಲ್‌ಗಳೂ ಹಸಿರು. ಕ್ಲಿನಿಕ್ಕಿನ ಎದುರೇ ಪಾರ್ಕಿಂಗ್ ಸಿಕ್ಕಿತು. ಒಳಗೆ ರೋಗಿಗಳೂ ಇರಲಿಲ್ಲ. ಬೇರೆಯವರಿಗೆ ಇವು ಸಣ್ಣ ವಿಷಯಗಳು, ನಾನು ಒಂದೊಂದಕ್ಕೂ ಅಲ್ಲಾಹನಿಗೆ ಶುಕ್ರ್ ಹೇಳಿದೆ. ವಾಪಸು ಬರುವಾಗ ಅವಳಿಗೆ ನಿದ್ದೆ ಹತ್ತಿತ್ತು. ಕಟ್ಟಡದ ಕೆಳಗೆ ಕಾರು ನಿಲ್ಲಿಸಿದರೂ ಎಬ್ಬಿಸಲು ಮನಸ್ಸಾಗಲಿಲ್ಲ. ಎ.ಸಿ. ಆರಿಸದೆ, ಅವಳ ಉಸಿರು ಸಲೀಸಾಗಿ ಆಡುವುದನ್ನು ಕೇಳುತ್ತಾ ಅಲ್ಲೇ ತುಂಬ ಹೊತ್ತು ಕುಳಿತಿದ್ದೆ.